ಅಕ್ಕಿಕಾಳಿನ ಹೊತ್ತಿನ ಚಿತ್ರ ಸ್ಪರ್ಧೆಗೆ ಸಲ್ಲುವುದೇ?

ಪ್ರಶ್ನೆ (ಕಲಬುರಗಿ): ಕಳೆದ ವಾರದ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ವಧುವಿನ ಅಜ್ಜಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡದ್ದು ನನ್ನ ಕ್ಯಾಮೆರಾದಲ್ಲಿ ಸೆರೆಯಾಗಿದೆ. ಆದರೆ ಐಎಸ್‌ಒ 6400 (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಇದು ಹೆಚ್ಚಿನದು) ಇದ್ದುದರಿಂದ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳಾದ ಚುಕ್ಕೆಗಳು) ಕಾಣುತ್ತಿದೆ, ಅಂಚಿನಲ್ಲಿ ವಿಡಿಯೊದವರ ಲೈಟ್ ಸ್ಟ್ಯಾಂಡ್ ಕೂಡ ಬಂದಿದೆ. ಛಾಯಾಚಿತ್ರ ಸ್ಪರ್ಧೆಯ ಕ್ಯಾಂಡಿಡ್ (ಪೋಸ್ ಕೊಡಿಸದೆ ಸಹಜವಾಗಿ ತೆಗೆದ ಚಿತ್ರಗಳ) ವಿಭಾಗದ ತೀರ್ಪುಗಾರರು ಇದನ್ನು ಹೇಗೆ ನೋಡುತ್ತಾರೆ?

ಉತ್ತರ (ಬೀದರ್): ಖಂಡಿತ ಕಳುಹಿಸಿರಿ. ತೀರ್ಪಿಗೆ ಕುಳಿತಾಗ ನಾನು ಮೊದಲು ನೋಡುವುದು ಆ ಕ್ಷಣ ತಾನಾಗಿ ಒದಗಿತೋ, ಹೇಳಿ ಮಾಡಿಸಿದ್ದೋ ಎಂಬುದನ್ನು. ನಾಯ್ಸ್ ಕ್ಷಮ್ಯ, ಕಣ್ಣಿನ ಮೇಲೆ ಫೋಕಸ್ ತಪ್ಪಿದ್ದರೆ ಕ್ಷಮ್ಯವಲ್ಲ. ಸ್ಟ್ಯಾಂಡ್ ಇರುವ ಅಂಚನ್ನು ಕ್ರಾಪ್ ಮಾಡಿರಿ (ಕತ್ತರಿಸಿರಿ), ಸ್ಟ್ಯಾಂಡನ್ನು ಎಡಿಟಿಂಗ್‌ನಲ್ಲಿ ಅಳಿಸಬೇಡಿರಿ. ಸ್ಪರ್ಧೆಯ ನಿಯಮ ಹಾಗೆ ಅಳಿಸುವುದನ್ನು ಒಪ್ಪದಿದ್ದರೆ, ಮೂಲ ರಾ ಫೈಲ್ (ಕ್ಯಾಮೆರಾದಲ್ಲಿ ದಾಖಲಾದ, ತಿದ್ದದ ಕಡತ) ಕೇಳಿದಾಗ ಚಿತ್ರ ಅನರ್ಹವಾದೀತು.

ಉತ್ತರ (ಯಾದಗಿರಿ): ಅಜ್ಜಿಯವರಿಗೆ ಚಿತ್ರವನ್ನು ತೋರಿಸಿ ಅವರ ಒಪ್ಪಿಗೆಯನ್ನೂ ಪಡೆಯಿರಿ, ವಧುವಿನ ತಂದೆಯವರು ಹೂಂ ಎಂದರೆ ಸಾಲದು.