ವಿದೇಶಿ ನೆರವಿನ ಆರೋಗ್ಯ ಸಂಸ್ಥೆ, ನೆರವು ನಿಂತ ಮೇಲೆ ಏನಾಗುತ್ತೆ?

ಪ್ರಶ್ನೆ (ದಾವಣಗೆರೆಯ ಸದಸ್ಯೆ): ಡಾಕ್ಟ್ರೇ, ನಮಸ್ಕಾರ. ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂ.ಡಿ. ಮುಗಿಸಿದ್ದೇನೆ. ಪಶ್ಚಿಮ ಆಫ್ರಿಕಾದ ಒಂದು ದೇಶದಲ್ಲಿ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ (ದೇಶದಲ್ಲಿ ರೋಗ ಹರಡುವುದನ್ನು ಗಮನಿಸಿ ತಡೆಯುವ ಸಂಸ್ಥೆ) ಕಟ್ಟುವ ಪ್ರಾಜೆಕ್ಟ್‌ಗೆ ಕರೆ ಬಂದಿದೆ. ದುಡ್ಡು ಹೊರದೇಶದ್ದು, ಮೂರು ವರ್ಷದ ಕಾಂಟ್ರ್ಯಾಕ್ಟ್. ನಮ್ಮಪ್ಪ ಕೇಳಿದ್ದು ಒಂದೇ ಮಾತು: "ಮೂರು ವರ್ಷ ಆದ್ಮೇಲೆ ಅವರು ಗಂಟುಮೂಟೆ ಕಟ್ಟಿಕೊಂಡು ಹೋಗ್ತಾರೆ, ಅಲ್ಲೇನು ಉಳಿಯುತ್ತೆ?" ಉತ್ತರ ಹೊಳೆಯಲಿಲ್ಲ. ಇಂಥ ಕೆಲಸ ಮಾಡಿದವರು ನೀವು, ನಿಜವಾಗಿ ಏನಾದ್ರೂ ಉಳಿಯುತ್ತಾ?

ಉತ್ತರ: ನಿಮ್ಮ ಅಪ್ಪ ಕೇಳಿದ್ದನ್ನೇ ಪ್ರಾಜೆಕ್ಟ್‌ನವರನ್ನೂ ಮೊದಲ ದಿನವೇ ಕೇಳಬೇಕು. ಯಾರೂ ಕೇಳಲ್ಲ.

ಉಳಿದಿದ್ದಕ್ಕೆ ಉದಾಹರಣೆ ಬೇಕಾದರೆ ಬೆಂಗಳೂರಿನಲ್ಲೇ ಇದೆ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಎನ್.ಟಿ.ಐ. ಭಾರತ ಸರ್ಕಾರ 1959ರಲ್ಲಿ ಇದನ್ನು ಡಬ್ಲ್ಯು.ಎಚ್.ಒ. (ವಿಶ್ವ ಆರೋಗ್ಯ ಸಂಸ್ಥೆ) ಮತ್ತು ಯುನಿಸೆಫ್ ನೆರವಿನಿಂದ ಶುರು ಮಾಡಿತು. ಮುಂದೆ 1973ರಲ್ಲಿ ಡಬ್ಲ್ಯು.ಎಚ್.ಒ. ಮುಖ್ಯಸ್ಥರಾದ ಹಾಫ್ಡನ್ ಮಾಲರ್ ಇಲ್ಲಿ ಕೆಲಸ ಮಾಡಿದವರು. ಆದರೆ ಅಲ್ಲಿ ನಡೆದ ಒಂದು ಚಿಕ್ಕ ಅಧ್ಯಯನ ನನಗೆ ಇದಕ್ಕಿಂತ ದೊಡ್ಡದು.

ಆಗ ಎಲ್ಲರೂ ಅಂದುಕೊಂಡಿದ್ದು ಏನು? ಹಳ್ಳಿಯವರಿಗೆ ಟಿಬಿ ಬಗ್ಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ, ಆದ್ದರಿಂದ ಎಕ್ಸ್‌ರೇ ವ್ಯಾನ್ ತಗೊಂಡು ಊರೂರು ಸುತ್ತಬೇಕು. ಶ್ರೀಮಂತ ದೇಶಗಳು ಹಾಗೇ ಮಾಡ್ತಿದ್ದವು. ಎನ್.ಟಿ.ಐ.ನ ಡಿ. ಬ್ಯಾನರ್ಜಿ, ಡಬ್ಲ್ಯು.ಎಚ್.ಒ. ಕಡೆಯ ಸ್ಟಿಗ್ ಆಂಡರ್ಸನ್ ಇಬ್ಬರೂ ಸೇರಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಕೂರಿಸಿ ಮಾತಾಡಿಸಿದರು. ನೋಡಿದರೆ ಹೆಚ್ಚಿನವರಿಗೆ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಅಲ್ಲಿ ಅವರ ಕೈಗೆ ಕೆಮ್ಮಿನ ಸಿರಪ್ ಕೊಟ್ಟು ಕಳಿಸಿದ್ದರು! ಅಂದರೆ ಕೊರತೆ ಇದ್ದದ್ದು ರೋಗಿಯಲ್ಲಿ ಅಲ್ಲ, ಆಸ್ಪತ್ರೆಯಲ್ಲಿ. ಹಾಗಾಗಿ ಬೇರೆ ದೊಡ್ಡ ವ್ಯವಸ್ಥೆ ಕಟ್ಟುವ ಬದಲು ಇರುವ ಆಸ್ಪತ್ರೆಗಳಲ್ಲೇ ಮೈಕ್ರೋಸ್ಕೋಪ್ ಇಟ್ಟು ಕಫ ಪರೀಕ್ಷೆ ಮಾಡಿ, ಮಾತ್ರೆ ಕೊಡುವುದು ಅಂತಾಯಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಬೆಳೆದದ್ದು ಈ ದಾರಿಯಲ್ಲೇ. ಅದು ಕಾಗದದಲ್ಲಿ ಇದ್ದಷ್ಟು ಚೆನ್ನಾಗಿ ನಡೆಯಲಿಲ್ಲ, ಅದು ಬೇರೆ ಕಥೆ ಬಿಡಿ.

ಇಲ್ಲಿ ಹೊರಗಿನವರು ಬಂದರು, ಜೊತೆಗೆ ಕೂತರು, ಹೋದರು. ಸಂಸ್ಥೆ ಮಾತ್ರ ಸರ್ಕಾರದ್ದು, ಕೇಳಿದ ಪ್ರಶ್ನೆ ಇಲ್ಲಿಯದು, ಸಿಕ್ಕಿದ ಉತ್ತರ ನೇರ ಇಲ್ಲಿನ ಕಾರ್ಯಕ್ರಮಕ್ಕೇ ಹೋಯಿತು. ಉಳಿದದ್ದು ಅದಕ್ಕೇ.

ಪ್ರಶ್ನೆ (ಶಿವಮೊಗ್ಗದ ಲ್ಯಾಬ್ ಟೆಕ್ನಿಷಿಯನ್): ಸರ್, ನೀವು ಒಳ್ಳೆಯದನ್ನೇ ಆರಿಸಿ ಹೇಳಿದ್ರಿ. ನಾನು ಕೇಳಿದ ಮಟ್ಟಿಗೆ ರಕ್ತದ ಸ್ಯಾಂಪಲ್ ನಮ್ಮದು, ಸಂಶೋಧನಾ ಪೇಪರ್ ಹೊರದೇಶದವರದು. ಪಾರ್ಟ್ನರ್‌ಶಿಪ್ ಅಂತ ಹೆಸರು, ನಾವು ಬರೀ ಕೊರಿಯರ್. ತಪ್ಪಾ?

ಉತ್ತರ: ತಪ್ಪೇನಿಲ್ಲ. ಲೈಬೀರಿಯಾದ ಕಥೆ ಕೇಳಿ, ಇದಕ್ಕಿಂತ ಕೆಟ್ಟದು ನನಗೆ ಗೊತ್ತಿಲ್ಲ. 2014ರಲ್ಲಿ ಅಲ್ಲಿ ಎಬೋಲಾ ಬಂದಾಗ, ಆ ಭಾಗದಲ್ಲಿ ಈ ರೋಗವೇ ಇರಲಿಲ್ಲ ಅಂತಲೇ ಎಲ್ಲರ ಮಾತು. ಆದರೆ 1982ರಲ್ಲೇ ಯುರೋಪಿನ ಸಂಶೋಧಕರು ಲೈಬೀರಿಯಾದವರ ರಕ್ತ ಪರೀಕ್ಷೆ ಮಾಡಿ, ಎಬೋಲಾ ಇರುವ ದೇಶಗಳ ಪಟ್ಟಿಗೆ ಲೈಬೀರಿಯಾವನ್ನೂ ಸೇರಿಸಬೇಕು ಅಂತ ಬರೆದಿದ್ದರು. 2015ರಲ್ಲಿ ಇದನ್ನು ಪತ್ರಿಕೆಯಲ್ಲಿ ಬರೆದು ಬಯಲು ಮಾಡಿದವರಲ್ಲಿ ಲೈಬೀರಿಯಾದ ಮುಖ್ಯ ವೈದ್ಯಾಧಿಕಾರಿ ಬರ್ನೀಸ್ ಡಾನ್ ಒಬ್ಬರು. ಆ ಹಳೆ ಪೇಪರ್‌ಗಳಲ್ಲಿ ಒಬ್ಬ ಲೈಬೀರಿಯಾದ ಲೇಖಕನೂ ಇರಲಿಲ್ಲ. ಒಂದು ಪೇಪರ್ ಡೌನ್‌ಲೋಡ್ ಮಾಡಲು 45 ಡಾಲರ್, ಅಂದರೆ ಅಲ್ಲಿನ ಡಾಕ್ಟರ್‌ಗೆ ಸುಮಾರು ಅರ್ಧ ವಾರದ ಸಂಬಳ. ರಕ್ತ ಕೊಟ್ಟ ದೇಶಕ್ಕೇ ತನ್ನ ರಿಪೋರ್ಟ್ ಓದಲು ಆಗಲಿಲ್ಲ. ಆ ಪಿಡುಗಿನಲ್ಲಿ ಮೂರು ದೇಶ ಸೇರಿ 11 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಲೈಬೀರಿಯಾಕ್ಕೆ ತನ್ನದೇ ಒಂದು ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂತ ಆದದ್ದು 2017ರಲ್ಲಿ.

ನೀವು ಶಿವಮೊಗ್ಗದವರು, ಇನ್ನೊಂದು ಕಡೆಯನ್ನೂ ನೋಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮಂಗನ ಕಾಯಿಲೆಯ ವೈರಸ್ ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಕಟ್ಟಿದ ಲ್ಯಾಬ್ ಅದು. 1967ರಲ್ಲಿ ರಾಕ್‌ಫೆಲರ್‌ನವರು ಕೈಬಿಟ್ಟರು. ಲ್ಯಾಬ್ ಮುಚ್ಚಿತಾ? ಪೂರ್ತಿ ಖರ್ಚು ಐ.ಸಿ.ಎಂ.ಆರ್. ಹೊತ್ತಿತು, 1978ರಲ್ಲಿ ಹೆಸರು ಎನ್.ಐ.ವಿ. (ರಾಷ್ಟ್ರೀಯ ವೈರಾಣು ಸಂಸ್ಥೆ) ಅಂತಾಯಿತು. ಕೋವಿಡ್ ಹೊತ್ತಿನಲ್ಲಿ ಟಿವಿಯಲ್ಲಿ ದಿನಾ ಕೇಳಿದಿರಲ್ಲ, ಅದೇ ಎನ್.ಐ.ವಿ. ಹಾಗಂತ ಲ್ಯಾಬ್ ಉಳಿದರೆ ಎಲ್ಲ ಆಯ್ತು ಅಂತಲ್ಲ. ಮಂಗನ ಕಾಯಿಲೆಯ ಹಳೆ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿದ್ದು ಮಲೆನಾಡಿನವರಿಗೆ ಹೇಳಬೇಕಾ?

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಅದೆಲ್ಲ ಹಳೇ ಕಾಲ ಸರ್. 2025ರಲ್ಲಿ ಅಮೆರಿಕ ವಿದೇಶಗಳಿಗೆ ನೆರವು ಕೊಡುವ ತನ್ನ ಸಂಸ್ಥೆ ಯು.ಎಸ್.ಏಡ್ ಅನ್ನೇ ಮುಚ್ಚಿತು. ರಾಕ್‌ಫೆಲರ್‌ನವರ ಥರ ಹದಿನೈದು ವರ್ಷ ಯಾರೂ ಕಾಯಲ್ಲ ಈಗ. ರಾತ್ರೋರಾತ್ರಿ ದುಡ್ಡು ನಿಂತರೆ?

ಉತ್ತರ: ಹೌದು, ರಾತ್ರೋರಾತ್ರಿಯೇ ನಿಂತಿತು. ಢಾಕಾದ ಐ.ಸಿ.ಡಿ.ಡಿ.ಆರ್.ಬಿ. ಅನ್ನುವ ವಾಂತಿಭೇದಿ ಸಂಶೋಧನಾ ಸಂಸ್ಥೆ ನೋಡಿ. 1960ರಲ್ಲಿ ಕಾಲರಾ ಲ್ಯಾಬ್ ಆಗಿ ಶುರುವಾದದ್ದು. ನಾವೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವ ಓ.ಆರ್.ಎಸ್. ಇದೆಯಲ್ಲ, ಕಾಲರಾ ರೋಗಿಗಳಿಗೆ ಅದನ್ನು ಬಾಯಲ್ಲಿ ಕುಡಿಸಿ ಉಳಿಸಬಹುದು ಅಂತ ಗಟ್ಟಿಯಾಗಿ ತೋರಿಸಿದ ಪರೀಕ್ಷೆಗಳಲ್ಲಿ 1968ರದ್ದು ಇಲ್ಲಿಯದು. ಇಂಥ ಸಂಸ್ಥೆಯೇ ಅಮೆರಿಕದ ದುಡ್ಡು ನಿಂತಾಗ ಸಾವಿರಕ್ಕೂ ಹೆಚ್ಚು ನೌಕರರನ್ನು ಕಳಿಸಬೇಕಾಯಿತು. ಆದರೂ ಅದರ ಆಸ್ಪತ್ರೆ ಮುಚ್ಚಲಿಲ್ಲ, ಏಕೆಂದರೆ ಬಾಂಗ್ಲಾದೇಶ ಸರ್ಕಾರ, ಕೆನಡಾ ಹೀಗೆ ದುಡ್ಡು ಕೊಡುವವರು ನಾಲ್ಕಾರು ಜನ. ಹೋದದ್ದು ಹೆಚ್ಚಾಗಿ ಆ ಒಂದೇ ಕಡೆಯ ಪ್ರಾಜೆಕ್ಟ್‌ಗಳನ್ನು ನಂಬಿದ್ದವರ ಕೆಲಸ.

ನಾನು ಕೆಲಸ ಮಾಡಿದ ಒಂದು ದೇಶದ ಜಿಲ್ಲಾ ಲ್ಯಾಬಿನಲ್ಲಿ ಪಿ.ಸಿ.ಆರ್. ಮಷೀನ್ (ರೋಗಾಣು ಪತ್ತೆ ಮಾಡುವ ಯಂತ್ರ) ಮೇಲೆ ಬಿಳಿ ಬಟ್ಟೆ ಹೊದಿಸಿ ಇಟ್ಟಿದ್ದರು. ಕೆಟ್ಟಿರಲಿಲ್ಲ. ಪ್ರಾಜೆಕ್ಟ್ ಮುಗಿದಿತ್ತು, ರೀಏಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ) ತರಿಸಲು ಸರ್ಕಾರದ ಬಜೆಟ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಮಷೀನ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಕಟ್ಟಡ ಕಟ್ಟಿಸಿಕೊಡುವವರೂ ಇದ್ದಾರೆ. ಆಫ್ರಿಕಾ ದೇಶಗಳ ರೋಗ ನಿಯಂತ್ರಣ ಸಂಸ್ಥೆ, ಆಫ್ರಿಕಾ ಸಿ.ಡಿ.ಸಿ.ಯ ಮುಖ್ಯ ಕಟ್ಟಡವನ್ನು ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಚೀನಾ ಕಟ್ಟಿಸಿಕೊಟ್ಟಿತು, 2023ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಒಳ್ಳೆಯದೇ. ಆದರೆ ಒಳಗೆ ಕೂರುವವರ ಸಂಬಳ ಪ್ರತಿ ತಿಂಗಳು ಬೇಕಲ್ಲ? ಅದನ್ನು ಕೊಡುವವರೇ ಕಮ್ಮಿ.

ಜನರನ್ನು ತಯಾರು ಮಾಡುವ ಪಾಲುದಾರಿಕೆ ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ. ಥಾಯ್ಲೆಂಡ್ 1980ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. ಜೊತೆ ಸೇರಿ ಎಫ್.ಇ.ಟಿ.ಪಿ. ಅಂತ, ರೋಗ ಹರಡುವ ಜಾಡು ಹಿಡಿಯುವುದನ್ನು ಕಲಿಸುವ ಎರಡು ವರ್ಷದ ತರಬೇತಿ ಶುರು ಮಾಡಿತು. ಕ್ಲಾಸ್ ಕಮ್ಮಿ, ಫೀಲ್ಡ್ ಜಾಸ್ತಿ. ಎಲ್ಲೋ ವಾಂತಿಭೇದಿ ಅಂದರೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಬೇಕು, ಮನೆ ಮನೆ ಪಟ್ಟಿ ಮಾಡಬೇಕು, ಯಾವ ನೀರಿನಿಂದ ಅಂತ ಹುಡುಕಬೇಕು. ಮುಖ್ಯ ವಿಷಯ, ಅದು ಆರೋಗ್ಯ ಇಲಾಖೆಯ ಒಳಗೇ ನಡೆಯಿತು. ಈಗ ನೆರೆ ದೇಶಗಳವರು ಅಲ್ಲಿಗೆ ಕಲಿಯಲು ಹೋಗ್ತಾರೆ. ನಮ್ಮಲ್ಲೂ ಚೆನ್ನೈನ ಎನ್.ಐ.ಇ.ಯಲ್ಲಿ (ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ) 2001ರಿಂದ ಇಂಥದ್ದೇ ಇದೆ.

ಪ್ರಶ್ನೆ (ದಾವಣಗೆರೆಯ ಸದಸ್ಯೆ): ಥ್ಯಾಂಕ್ಸ್ ಸರ್. ನಾಳಿದ್ದು ಅವರ ಜೊತೆ ಮಾತುಕತೆ ಇದೆ. ಸಂಬಳದ ಬಗ್ಗೆ ನಾನೇ ಕೇಳ್ತೀನಿ, ಬೇರೆ ಏನು ಕೇಳಲಿ?

ಉತ್ತರ: ನಿಮ್ಮ ಜೊತೆ ಕೆಲಸ ಮಾಡುವ ಆ ದೇಶದವರು ಯಾರು, ಅವರ ಹೆಸರು ಯಾರ ಸಂಬಳದ ಪಟ್ಟಿಯಲ್ಲಿದೆ ಅಂತ ಕೇಳಿ. ಸರ್ಕಾರದ್ದಾದರೆ ಧೈರ್ಯವಾಗಿ ಹೋಗಿ. ಪ್ರಾಜೆಕ್ಟ್‌ನದ್ದಾದರೆ, ಮೂರನೇ ವರ್ಷ ಆ ಹುದ್ದೆ ಸರ್ಕಾರಕ್ಕೆ ಹೋಗುತ್ತೆ ಅಂತ ಬರವಣಿಗೆಯಲ್ಲಿ ಇದೆಯಾ ನೋಡಿ. ಡೇಟಾ ಯಾರ ಸರ್ವರ್‌ನಲ್ಲಿ ಇರುತ್ತೆ, ಪೇಪರ್‌ನಲ್ಲಿ ಮೊದಲ ಹೆಸರು ಯಾರದು, ಇದನ್ನೂ ಮುಜುಗರ ಇಲ್ಲದೆ ಕೇಳಿ.

ಸಂಬಳದ ವಿಷಯ ನೀವೇ ಎತ್ತಿದಿರಿ. ಪ್ರಾಜೆಕ್ಟ್‌ಗಳು ಸರ್ಕಾರಿ ಸಂಬಳದ ಎರಡು ಮೂರು ಪಟ್ಟು ಕೊಟ್ಟು ಇಲಾಖೆಯ ಒಳ್ಳೊಳ್ಳೆಯವರನ್ನೇ ಎಳೆದುಕೊಳ್ತವೆ. ಪ್ರಾಜೆಕ್ಟ್ ಮುಗಿದಾಗ ಅವರು ಹಳೇ ಕುರ್ಚಿಗೆ ವಾಪಸ್ ಹೋಗಲ್ಲ, ಇನ್ನೊಂದು ಪ್ರಾಜೆಕ್ಟ್ ಹುಡುಕ್ತಾರೆ. ಅವರದ್ದೂ ತಪ್ಪಲ್ಲ, ಮನೆ ನಡೀಬೇಕಲ್ಲ. ಸಂಸ್ಥೆ ಕಟ್ಟಲು ಬಂದವರೇ ಇಲಾಖೆಯನ್ನು ಖಾಲಿ ಮಾಡಿ ಹೋದದ್ದು ನೋಡಿದ್ದೇನೆ. ಹಾಗಾಗಿ ಸ್ಥಳೀಯರನ್ನು ಯಾವ ಸಂಬಳದ ಸ್ಕೇಲ್‌ನಲ್ಲಿ ತಗೋತಾರೆ ಅಂತ ತಪ್ಪದೆ ಕೇಳಿ. ಅವರು ಏನಂದರು ಅಂತ ಇಲ್ಲೇ ಹಾಕಿ, ಒಪ್ಪಿಕೊಳ್ಳಬೇಕಾ ಬೇಡವಾ ಆಮೇಲೆ ಮಾತಾಡೋಣ.