ಅವನು ಯಾರ ಪೈಕಿ?

“ಪ್ರಶಾಂತ ಹಣ ಹಾಕಿದರೆ ಹಾಕಲಿ ಬಿಡಿ ಮಾಸ್ತರರೇ. ಅವನ ಹಣ, ಅವನ ಹಣೆಬರಹ,” ಎನ್ನುತ್ತಾ ಬಸಣ್ಣ ಬಜ್ಜಿಯನ್ನು ಸೀಳಿ, ಮೆಣಸಿನಕಾಯಿಯ ಬೀಜವನ್ನು ಉಗುರಿನಿಂದ ಕೆದರಿ ಕಾಗದದ ಅಂಚಿಗೆ ಒರೆಸಿದ.

“ಹಾಕಲಿ. ನಾನು ಕೇಳುವುದು ಇಷ್ಟೇ. ಡಿಜಿಟಲ್ ನಾಣ್ಯ ಕೊಂಡು ಮಾರುವ ಅಂಗಡಿ, ಆ ಕ್ರಿಪ್ಟೊ ಎಕ್ಸ್‌ಚೇಂಜ್ ನಡೆಸುವವನು ಯಾರ ಪೈಕಿ?”

ಪ್ರಶಾಂತ ಮೊಬೈಲ್ ಮುಂದೆ ಹಿಡಿದ. ಕಪ್ಪು ಅಂಗಿಯ ಹುಡುಗನೊಬ್ಬ ಕೈಕಟ್ಟಿಕೊಂಡು ನಗುತ್ತಿದ್ದ.

“ಹಲ್ಲು ಚೆನ್ನಾಗಿವೆ. ಊರು?”

“ದುಬೈ ಎಂದಿದೆ ಸರ್.”

“ಅದು ಬಿಲ್ ಕಳಿಸುವ ವಿಳಾಸ. ಹುಟ್ಟಿದ್ದೆಲ್ಲಿ? ಇದಕ್ಕೆ ಮೊದಲು ಏನು ಮಾಡುತ್ತಿದ್ದ?”

“ಕನಸುಗಾರ ಎಂದು ಬರೆದಿದ್ದಾರೆ.”

“ನಿನ್ನ ತಂಗಿಗೆ ಸೇಡಂನಿಂದ ಸಂಬಂಧ ಬಂದಾಗ ಹುಡುಗನ ಅಜ್ಜನ ಸಾಲ ವಿಚಾರಿಸಲು ನಿಮ್ಮ ಕಾಕಾ ಚಿಂಚೋಳಿಯವರೆಗೆ ಹೋಗಿದ್ದರು. ಅಜ್ಜ ಸತ್ತು ಮೂವತ್ತು ವರ್ಷವಾಗಿತ್ತು! ಹುಡುಗ ಕನಸುಗಾರ ಎಂದಿದ್ದರೆ ಕೊಡುತ್ತಿದ್ದಿರಾ?”

ಯೂಸುಫ್ ಭಾಯಿ ಒಲೆಯ ಹತ್ತಿರದಿಂದಲೇ ಕೇಳಿದರು: “ಒಬ್ಬ ಜಯಪುರಕ್ಕೆ ಬಂದು ಸತ್ತನಲ್ಲ, ಅವನದೂ ಇಂಥದ್ದೇ ಅಂಗಡಿಯೇ?”

“ಅದೇ. ಜೆರಾಲ್ಡ್ ಕೋಟನ್, ಕೆನಡಾದವನು. ಅಂಗಡಿಯ ಹೆಸರು ಕ್ವಾಡ್ರಿಗಾ. 2018ರ ಡಿಸೆಂಬರ್‌ನಲ್ಲಿ ತೀರಿಕೊಂಡ. ವಯಸ್ಸು 30. ತಿಜೋರಿಯ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು ಎಂದರು. ಸುಮಾರು 76 ಸಾವಿರ ಗ್ರಾಹಕರು ಎದೆ ಬಡಿದುಕೊಂಡರು. ಲೆಕ್ಕಪರಿಶೋಧಕರು ಜಾಲಾಡಿದರೆ ತಿಜೋರಿಗಳು ಅವನು ಸಾಯುವ ಎಷ್ಟೋ ತಿಂಗಳ ಮೊದಲೇ ಬರಿದಾಗಿದ್ದವು. ಗಿರಾಕಿಗಳ ಹಣದಲ್ಲಿ ತಾನೇ ಜೂಜಾಡಿ ಕಳೆದಿದ್ದ.”

“ಪಾಪ, ವಯಸ್ಸು ಚಿಕ್ಕದು,” ಎಂದ ಬಸಣ್ಣ.

“ವಯಸ್ಸು ಚಿಕ್ಕದಾದರೂ ಉಯಿಲು ಬರೆದಿಟ್ಟಿದ್ದ. ಸಾಯುವುದಕ್ಕೆ ಎರಡು ವಾರವೂ ಉಳಿದಿರಲಿಲ್ಲ. ತನ್ನ ಎರಡು ನಾಯಿಗಳ ಪಾಲನೆಗೆ ಒಂದು ಲಕ್ಷ ಡಾಲರ್ ತೆಗೆದಿರಿಸಿದ್ದ.”

“ನಾಯಿಗಳ ಹಣ ಭದ್ರವಾಗಿತ್ತು ಎನ್ನಿ.”

“ಇನ್ನೂ ಕೇಳು. ಕೋಟನ್ ಜೊತೆ ಅಂಗಡಿ ತೆರೆದವನು ಮೈಕೆಲ್ ಪ್ಯಾಟ್ರಿನ್. ಎಲ್ಲ ಮುಳುಗಿದ ಮೇಲೆ ಪತ್ರಕರ್ತರು ಹಳೆಯ ದಾಖಲೆ ಕೆದಕಿದರು. ಅವನ ಮೊದಲಿನ ಹೆಸರು ಒಮರ್ ಧನಾನಿ. ಕದ್ದ ಕ್ರೆಡಿಟ್ ಕಾರ್ಡುಗಳ ವ್ಯವಹಾರದಲ್ಲಿ ಅಮೆರಿಕದಲ್ಲಿ ಜೈಲು ಕಂಡು ಬಂದವನು. ಅದು ನ್ಯಾಯಾಲಯದ ಕಡತದಲ್ಲಿಯೇ ಇತ್ತು. ನಿಮ್ಮ ಕಾಕಾನನ್ನು ಒಂದು ಸಲ ಕಳುಹಿಸಿದ್ದರೆ ಸಾಕಿತ್ತು.”

ಪ್ರಶಾಂತ ಸುಮ್ಮನಾಗಲಿಲ್ಲ. “ನಮ್ಮ ದೇಶದಲ್ಲಿ ಈಗ ಇಂಥ ಅಂಗಡಿಗಳಿಗೆ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಕಡ್ಡಾಯ ಸರ್. ಸರ್ಕಾರ ತೆರಿಗೆಯನ್ನೂ ತೆಗೆದುಕೊಳ್ಳುತ್ತದೆ.”

“ಆ ನೋಂದಣಿ ಕಪ್ಪುಹಣದ ಮೇಲೆ ಕಣ್ಣಿಡಲು. ನಿನ್ನ ಗಂಟಿಗೆ ಅದು ಜಾಮೀನಲ್ಲ. ತೆರಿಗೆಯೋ, ಲಾಭ ಬಂದರೆ ಶೇಕಡಾ 30 ಕೊಡಬೇಕು. ನಷ್ಟವಾದರೆ ಪೂರ್ತಿ ನಿನ್ನದೇ, ಅದರಲ್ಲಿ ಯಾರೂ ಪಾಲು ಕೇಳುವುದಿಲ್ಲ.”

“ಪರಿಚಯದವರು ಮೋಸ ಮಾಡುವುದಿಲ್ಲವೇ ಮಾಸ್ತರರೇ?” ಎಂದು ಬಸಣ್ಣ ಕೊಕ್ಕೆ ಹಾಕಿದ.

“ಮಾಡುತ್ತಾರೆ. ನೆಹರು ಗಂಜಿನಲ್ಲಿ ಒಬ್ಬ ಅಡತಿಯವನು ನಮ್ಮ ತಂದೆಯ ತೊಗರಿಯ ಹಣ ನುಂಗಿದ. ಅವನ ಮುತ್ತಜ್ಜನ ಹೆಸರೂ ತಂದೆಗೆ ಗೊತ್ತಿತ್ತು. ದಿನವೂ ಬೆಳಿಗ್ಗೆ ಹೋಗಿ ಅವನ ಮನೆಯ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಬೈಗುಳವಿಲ್ಲ, ಜಗಳವಿಲ್ಲ. ಅವನು ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ, ಅವನ ತಾಯಿ ಸೆರಗು ಮುಂದಕ್ಕೆಳೆದುಕೊಂಡು ಚಹಾ ತಂದಿಡುತ್ತಿದ್ದಳು. ಎರಡು ಸುಗ್ಗಿ ಕಳೆದ ಮೇಲೆ ಅರ್ಧ ಹಣ ಬಂತು. ಕೊಟ್ಟವನು ಮಗನಲ್ಲ, ಆ ತಾಯಿ. ಕೈಯಲ್ಲಿ ಬಳೆ ಇರಲಿಲ್ಲವಂತೆ. ಅದನ್ನು ಹೇಳುವಾಗಲೆಲ್ಲ ತಂದೆ ಮಾತು ಅಲ್ಲಿಗೇ ನಿಲ್ಲಿಸುತ್ತಿದ್ದರು.”

ಯೂಸುಫ್ ಭಾಯಿ ಕೇಳದೆಯೇ ಇನ್ನೊಂದು ಸುತ್ತು ಚಹಾ ಸುರಿದರು.

“ಇದರಲ್ಲಿಯೂ ವಿಚಾರಿಸಬಹುದು ಸರ್, ಸಹಾಯಕ್ಕೆ ಚಾಟ್ ಇದೆ,” ಎಂದು ಪ್ರಶಾಂತ ಸಣ್ಣ ದನಿಯಲ್ಲಿ ಹೇಳಿ, ‘ಕಂಪನಿ ನಡೆಸುವವರ ಹಿನ್ನೆಲೆ ಏನು?’ ಎಂದು ಬರೆದ. ಉತ್ತರ ಕೂಡಲೇ ಬಂತು: ‘ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ. ಈ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ನೀಡುತ್ತೀರಿ?’

“ಮೂರು ಕೊಡು,” ಎಂದ ಬಸಣ್ಣ. “ಮರ್ಯಾದೆಯಿಂದ ಮಾತನಾಡಿಸಿತು.”