ಕಾರ್ಡಿಯಾಕ್ ಔಟ್‌ಪುಟ್ ಮಾನಿಟರ್ ಇಲ್ಲದ ಐಸಿಯುನಲ್ಲಿ ಫ್ಲೂಯಿಡ್ ಎಲ್ಲಿ ನಿಲ್ಲಿಸಬೇಕು?

ಡ್ಯೂಟಿ ಡಾಕ್ಟರ್, ಚಿಕ್ಕಮಗಳೂರು
ಆರು ಬೆಡ್‌ನ ಐಸಿಯು. ಆರ್ಟೀರಿಯಲ್ ಲೈನ್ (ಅಪಧಮನಿಯಲ್ಲಿ ಇಟ್ಟು ಬಿಪಿ ಅಳೆಯುವ ಕೊಳವೆ), ವೆಂಟಿಲೇಟರ್, ಕ್ಯಾಪ್ನೋಗ್ರಾಫ್ (ಹೊರಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರ), ಎಬಿಜಿ (ರಕ್ತದ ಅನಿಲ ಪರೀಕ್ಷೆ) ಮೆಷಿನ್ ಇವೆ. ಕಾರ್ಡಿಯಾಕ್ ಔಟ್‌ಪುಟ್ (ಹೃದಯ ನಿಮಿಷಕ್ಕೆ ಹೊರದೂಡುವ ರಕ್ತ) ತೋರಿಸುವ ಮಾನಿಟರ್ ಇಲ್ಲ. ಕರುಳು ತೂತಾಗಿ ಲ್ಯಾಪರಾಟಮಿ (ಹೊಟ್ಟೆ ತೆರೆದು ಮಾಡುವ ಆಪರೇಷನ್) ಆದವರು, ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ ಕಡೆಯಿಂದ ಬರುವ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿ) ರೋಗಿಗಳೇ ಹೆಚ್ಚು. ಗೋಡೆಗೆ ಅಂಟಿಸಿದ ಪ್ರೋಟೋಕಾಲ್‌ನಲ್ಲಿ ಈಗಲೂ ‘ಸಿವಿಪಿ 8–12 ಆಗುವವರೆಗೆ ಫ್ಲೂಯಿಡ್’ ಅಂತಿದೆ (ಸಿವಿಪಿ ಅಂದರೆ ಹೃದಯದ ಬಳಿಯ ದೊಡ್ಡ ಸಿರೆಯೊಳಗಿನ ಒತ್ತಡ). 60 ಕೆಜಿ ರೋಗಿಗೆ 1,800 ಎಂಎಲ್ ಹೋದ ಮೇಲೂ ಮ್ಯಾಪ್ (ಸರಾಸರಿ ಬಿಪಿ) 58, ಲ್ಯಾಕ್ಟೇಟ್ (ಅಂಗಾಂಶಕ್ಕೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ವಸ್ತು) 4.2, ಮೂತ್ರ ಗಂಟೆಗೆ 20 ಎಂಎಲ್ ಇದ್ದರೆ ಮುಂದೇನು ಮಾಡಬೇಕು?

ಅರಿವಳಿಕೆ ವಿಭಾಗ, ಹಾಸನ
ಮೊದಲು ಆ ಸಿವಿಪಿ ಸಾಲನ್ನು ತೆಗೆಸಿ. ಅದು 2001ರಲ್ಲಿ ರಿವರ್ಸ್ ಎಂಬ ವೈದ್ಯರು ಪ್ರಕಟಿಸಿದ ಸೆಪ್ಸಿಸ್ ಅಧ್ಯಯನದಿಂದ ಬಂದದ್ದು. ಡೆಟ್ರಾಯಿಟ್‌ನ ಒಂದೇ ಆಸ್ಪತ್ರೆ, 263 ರೋಗಿಗಳು. ಸಾವು ಶೇ 46.5ರಿಂದ 30.5ಕ್ಕೆ ಇಳಿದಿತ್ತು. 2014–15ರಲ್ಲಿ ಪ್ರೊಸೆಸ್, ಅರೈಸ್, ಪ್ರೊಮಿಸ್ ಎಂಬ ಮೂರು ದೊಡ್ಡ ಅಧ್ಯಯನಗಳು ಅದೇ ಕ್ರಮವನ್ನು ಪರೀಕ್ಷಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ರೋಗಿಯನ್ನು ಬೇಗ ಗುರುತಿಸುವುದು, ಬೇಗ ಆ್ಯಂಟಿಬಯೋಟಿಕ್ ಕೊಡುವುದು ಆ ಹೊತ್ತಿಗೆ ಎಲ್ಲ ಕಡೆ ರೂಢಿಯಾಗಿತ್ತು. ಸಿವಿಪಿ 6 ಇದ್ದವರಿಗೆಲ್ಲ ಫ್ಲೂಯಿಡ್ ಬೇಕು, 12 ಇದ್ದವರಿಗೆ ಬೇಡ ಎಂದು ಹೇಳಲು ಬರುವುದಿಲ್ಲ.

ನಿಮ್ಮ ರೋಗಿಗೆ ಕೆಜಿಗೆ 30 ಎಂಎಲ್ ಆಗಲೇ ಹೋಗಿದೆ. ಮ್ಯಾಪ್ 58 ಇರುವಾಗ ಇನ್ನೊಂದು ಬಾಟಲಿ ಮುಗಿಯಲಿ ಎಂದು ಕಾಯಬೇಡಿ, ರಕ್ತನಾಳ ಬಿಗಿಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಈಗಲೇ ಶುರುವಾಗಲಿ. 4 ಎಂಜಿಯನ್ನು 5% ಡೆಕ್ಸ್‌ಟ್ರೋಸ್‌ನಲ್ಲಿ ಒಟ್ಟು 50 ಎಂಎಲ್ ಮಾಡಿದರೆ ಎಂಎಲ್‌ಗೆ 80 ಮೈಕ್ರೋಗ್ರಾಂ. 60 ಕೆಜಿಗೆ 0.1 ಮೈಕ್ರೋಗ್ರಾಂ/ಕೆಜಿ/ನಿಮಿಷ ಅಂದರೆ ಸಿರಿಂಜ್ ಪಂಪ್‌ನಲ್ಲಿ ಗಂಟೆಗೆ 4.5 ಎಂಎಲ್. ಆಂಪೂಲ್ ಲೇಬಲ್ ಓದಿಯೇ ಲೆಕ್ಕ ಹಾಕಿ: ಬೈಟಾರ್ಟ್ರೇಟ್ ಲವಣದ 2 ಎಂಜಿ ಅಂದರೆ ನಾರ್‌ಅಡ್ರಿನಲಿನ್ 1 ಎಂಜಿ ಮಾತ್ರ. ಇಲ್ಲಿ ತಪ್ಪಿದರೆ ಡೋಸ್ ಅರ್ಧಕ್ಕೆ ಇಳಿಯುತ್ತದೆ. ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ಸಿರೆಗೆ ಇಡುವ ಕೊಳವೆ) ಹಾಕುವವರೆಗೆ ಮೊಣಕೈ ಮಡಿಕೆಯಲ್ಲಿ ಅಥವಾ ಅದರ ಮೇಲಿನ ದೊಡ್ಡ ರಕ್ತನಾಳದಲ್ಲಿ ಕೊಡಬಹುದು, ಚುಚ್ಚಿದ ಜಾಗವನ್ನು ಆಗಾಗ ನೋಡುತ್ತಿರಬೇಕು.

ಕ್ರಿಟಿಕಲ್ ಕೇರ್, ಹಾಸನ
ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ. ಇನ್ನು ಫ್ಲೂಯಿಡ್ ವಿಷಯ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ರಕ್ತದ ಹರಿವು ಸಾಲುತ್ತಿಲ್ಲವೇ? ಫ್ಲೂಯಿಡ್ ಕೊಟ್ಟರೆ ಅದು ಹೆಚ್ಚುತ್ತದೆಯೇ? ಎರಡಕ್ಕೂ ‘ಹೌದು’ ಬಂದರೆ ಮಾತ್ರ 250 ಎಂಎಲ್.

ಮೊದಲನೆಯದಕ್ಕೆ ನಿಮ್ಮ ಎಬಿಜಿ ಮೆಷಿನ್ ಸಾಕು. ಸೆಂಟ್ರಲ್ ಲೈನ್‌ನಿಂದ ಒಂದು, ಆರ್ಟರಿಯಿಂದ ಒಂದು ಸ್ಯಾಂಪಲ್ ಒಟ್ಟಿಗೆ ತೆಗೆಯಿರಿ. ಎರಡರ ಪಿಸಿಒ2 (ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಒತ್ತಡ) ಅಂತರ 6ಕ್ಕಿಂತ ಹೆಚ್ಚಿದ್ದರೆ ಹರಿವು ಕಡಿಮೆ ಎಂಬ ಅನುಮಾನ ಬಲವಾಗುತ್ತದೆ. ಸಿರಿಂಜ್‌ನಲ್ಲಿ ಗಾಳಿ ಗುಳ್ಳೆ ಉಳಿದರೆ, ಸ್ಯಾಂಪಲ್ ಟ್ರೇಯಲ್ಲೇ ಕೂತರೆ ಈ ಸಣ್ಣ ಅಂತರ ಕೆಟ್ಟುಹೋಗುತ್ತದೆ.

ಎರಡನೆಯದಕ್ಕೆ ಕಾಲು ಎತ್ತುವ ಪರೀಕ್ಷೆ. ರೋಗಿಯನ್ನು 45 ಡಿಗ್ರಿ ಕೂರಿಸಿಟ್ಟ ಸ್ಥಿತಿಯಿಂದಲೇ ಶುರುವಾಗಬೇಕು. ಆಮೇಲೆ ಮಂಚವನ್ನೇ ವಾಲಿಸಿ ಎದೆ ಮಟ್ಟಸ, ಕಾಲು 45 ಡಿಗ್ರಿ ಮೇಲೆ. ಕೈಯಲ್ಲಿ ಕಾಲು ಹಿಡಿದೆತ್ತಿದರೆ ನೋವಿಗೇ ಬಿಪಿ ಏರಿ ದಾರಿ ತಪ್ಪಿಸುತ್ತದೆ. ಒಂದು ನಿಮಿಷದೊಳಗೆ ಕ್ಯಾಪ್ನೋಗ್ರಾಫ್‌ನಲ್ಲಿ ಇಟಿಸಿಒ2 (ಉಸಿರು ಬಿಟ್ಟ ಕೊನೆಯಲ್ಲಿನ ಕಾರ್ಬನ್ ಡೈಆಕ್ಸೈಡ್) ನೋಡಿ. ವೆಂಟಿಲೇಟರ್ ಸೆಟ್ಟಿಂಗ್ ಮುಟ್ಟದೆ, ರೋಗಿ ತಾನಾಗಿ ಉಸಿರೆಳೆಯದೆ ಇದ್ದಾಗ ಅದು ಶೇ 5ರಷ್ಟು ಏರಿದರೆ, ಅಂದರೆ 36 ಇದ್ದದ್ದು 38 ಆದರೆ, ಫ್ಲೂಯಿಡ್‌ಗೆ ಹೃದಯ ಸ್ಪಂದಿಸುತ್ತದೆ. ಬಿಪಿ ಒಂದನ್ನೇ ನಂಬಬೇಡಿ. ಲ್ಯಾಪರಾಟಮಿ ಆಗಿ ಹೊಟ್ಟೆ ಬಿಗಿದಿದ್ದರೆ ಈ ಪರೀಕ್ಷೆ ಹುಸಿಯಾಗಬಹುದು. ಅಂಥವರಿಗೆ 100 ಎಂಎಲ್ ಅನ್ನು ಒಂದು ನಿಮಿಷದಲ್ಲಿ ತಳ್ಳಿ, ಎಕೋ ಪ್ರೋಬ್ ಸಿಕ್ಕರೆ ಮೊದಲಿನ ಮತ್ತು ಆಮೇಲಿನ ವಿಟಿಐ (ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತವನ್ನು ಸೂಚಿಸುವ ಎಕೋ ಅಳತೆ) ಹೋಲಿಸುವುದು ಮೇಲು.

ಐಸಿಯು ಸಿಸ್ಟರ್
ಒಂದು ಮಾತು ಸೇರಿಸುತ್ತೇನೆ ಡಾಕ್ಟ್ರೇ. ಮಂಚ ಎತ್ತಿ ಇಳಿಸುವಾಗ ಆರ್ಟೀರಿಯಲ್ ಲೈನಿನ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಿನಲ್ಲೇ ಉಳಿಯುತ್ತದೆ. ಹೃದಯದ ಮಟ್ಟಕ್ಕಿಂತ ಅದು 10 ಸೆಂಮೀ ಕೆಳಗಿದ್ದರೆ ಬಿಪಿ ಸುಮಾರು 7.5 ಹೆಚ್ಚು ತೋರಿಸುತ್ತದೆ. ನಿಜವಾದ 58, ಮಾನಿಟರ್‌ನಲ್ಲಿ 65 ಆಗಿ ಕಾಣುತ್ತದೆ! ಪ್ರತಿ ಸಲ ನಾಲ್ಕನೇ ಪಕ್ಕೆಲುಬಿನ ಸಂದು, ಎದೆಯ ನಡು ಪಕ್ಕಕ್ಕೆ ಮಟ್ಟ ಮಾಡಿ. ಫ್ಲಶ್ ದ್ರವದ ಪ್ರೆಷರ್ ಬ್ಯಾಗ್ 300ರಲ್ಲಿ ಇರಲಿ. ಫ್ಲಶ್ ಎಳೆದು ಬಿಟ್ಟಾಗ ಅಲೆ ಒಂದೆರಡು ಸಲ ಕುಣಿದು ನಿಲ್ಲಬೇಕು. ಕುಣಿಯದೆ ಮಂದವಾಗಿ ಇಳಿದರೆ ಟ್ಯೂಬ್‌ನಲ್ಲಿ ಗಾಳಿ ಅಥವಾ ಕ್ಲಾಟ್ ಇದೆ.

ಬೆರಳು ಒತ್ತಿ ನೋಡುವುದನ್ನೂ ಅರ್ಧ ಗಂಟೆಗೊಮ್ಮೆ ಚಾರ್ಟ್‌ನಲ್ಲಿ ಬರೆಯಿರಿ. ತೋರುಬೆರಳ ತುದಿಯನ್ನು ಗಾಜಿನ ಸ್ಲೈಡ್‌ನಿಂದ ಬಿಳಿಚುವಷ್ಟು ಒತ್ತಿ 10 ಸೆಕೆಂಡ್ ಹಿಡಿಯಬೇಕು. ಬಿಟ್ಟ ಮೇಲೆ ಬಣ್ಣ ಮರಳಲು 3 ಸೆಕೆಂಡ್‌ಗಿಂತ ಹೆಚ್ಚಾದರೆ ಸರಿಯಿಲ್ಲ. ಆಷಾಢದ ಚಳಿಯಲ್ಲಿ ತಣ್ಣಗಿರುವ ಕೈಯನ್ನು ಮೊದಲು ಹೊದಿಸಿ ಬೆಚ್ಚಗೆ ಮಾಡಿ.

ಡ್ಯೂಟಿ ಡಾಕ್ಟರ್, ಚಿಕ್ಕಮಗಳೂರು
ತುಂಬ ಉಪಯೋಗವಾಯಿತು. ಎರಡು ಸಂದೇಹ ಉಳಿದಿವೆ. ವೆಂಟಿಲೇಟರ್ ಮೇಲಿದ್ದವರಿಗೆ ಪಿಪಿವಿ (ಉಸಿರಿನ ಜೊತೆ ನಾಡಿ ಒತ್ತಡ ಶೇಕಡಾ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ನಂಬಬಹುದೇ? ಸ್ಕ್ರಬ್ ಟೈಫಸ್ (ನುಸಿ ಮರಿ ಕಚ್ಚಿ ಬರುವ ಸೋಂಕು ಜ್ವರ) ರೋಗಿಗೂ ಇದೇ ಲೆಕ್ಕವೇ?

ಕ್ರಿಟಿಕಲ್ ಕೇರ್, ಹಾಸನ
ಪಿಪಿವಿ ಓಟಿಯಲ್ಲಿ ಚೆನ್ನ, ಐಸಿಯುನಲ್ಲಿ ಕಷ್ಟ. ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) ಕೆಜಿಗೆ 8 ಎಂಎಲ್ ಇರಬೇಕು, ಲಯ ಸರಿ ಇರಬೇಕು, ರೋಗಿ ತಾನಾಗಿ ಉಸಿರೆಳೆಯಬಾರದು. ಆಗ 13ರ ಮೇಲಿದ್ದರೆ ಫ್ಲೂಯಿಡ್‌ಗೆ ಸ್ಪಂದನೆ ನಿರೀಕ್ಷಿಸಬಹುದು, 9ರಿಂದ 13 ಅನಿಶ್ಚಿತ. 6 ಎಂಎಲ್‌ನಲ್ಲಿ ಇಟ್ಟ ಎಆರ್‌ಡಿಎಸ್ (ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕೆಡುವ ಸ್ಥಿತಿ) ರೋಗಿಯಲ್ಲಿ ಪಿಪಿವಿ 7 ಬಂದರೆ ಅದರಿಂದ ಏನನ್ನೂ ತೀರ್ಮಾನಿಸಲು ಆಗದು.

ಸ್ಕ್ರಬ್ ಟೈಫಸ್‌ನಲ್ಲಿ ರಕ್ತನಾಳದ ಒಳಪದರವೇ ಸೋರುತ್ತದೆ. ಕೊಟ್ಟ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. 250ರಂತೆ ಕೊಟ್ಟು ಪ್ರತಿ ಸಲ ಆಕ್ಸಿಜನ್ ನೋಡಿ, ನಾರ್‌ಅಡ್ರಿನಲಿನ್ ಬೇಗ ಹಿಡಿಯಿರಿ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ದಾರದಡಿ ನುಸಿ ಕಚ್ಚಿದ ಕಪ್ಪು ಹಕ್ಕಳೆ ಹುಡುಕಿ. ತೀವ್ರ ಕಾಯಿಲೆಗೆ ರಕ್ತನಾಳದ ಮೂಲಕ ಡಾಕ್ಸಿಸೈಕ್ಲಿನ್ ಜೊತೆ ಅಜಿಥ್ರೊಮೈಸಿನ್ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಒಳ್ಳೆಯದೆಂದು 2023ರಲ್ಲಿ ಪ್ರಕಟವಾದ ಭಾರತದ ಅಧ್ಯಯನ ತೋರಿಸಿದೆ.

ಲ್ಯಾಕ್ಟೇಟ್ ಎರಡು ಗಂಟೆಗೊಮ್ಮೆ ನೋಡಿ. ಬೆರಳ ಬಣ್ಣ ಸರಿಯಾಗಿ, ಮ್ಯಾಪ್ 65 ನಿಂತ ಮೇಲೂ ಅದು ನಿಧಾನವಾಗಿ ಇಳಿಯುತ್ತಿದ್ದರೆ ಫ್ಲೂಯಿಡ್ ಸುರಿಯಬೇಡಿ. ಇವೂ ಲ್ಯಾಕ್ಟೇಟ್ ಏರಿಸಬಲ್ಲವು, ಹಾಗಾಗಿ ಅಡ್ರಿನಲಿನ್ ಓಡುತ್ತಿದೆಯೇ, ಲಿವರ್ ಹೇಗಿದೆ ನೋಡಿ. ಮೂತ್ರ ಒಂದೇ ಕಡಿಮೆ ಇದ್ದು ಉಳಿದದ್ದೆಲ್ಲ ಸರಿ ಇದ್ದರೆ ಮೊದಲು ಕ್ಯಾತಿಟರ್ ಕಟ್ಟಿಕೊಂಡಿದೆಯೇ ಪರೀಕ್ಷಿಸಿ. ಆಪರೇಷನ್ ಆದ ಮೊದಲ ದಿನ ದೇಹವೇ ನೀರು ಹಿಡಿದಿಟ್ಟುಕೊಳ್ಳುವುದರಿಂದಲೂ ಮೂತ್ರ ಕಡಿಮೆಯಾಗುತ್ತದೆ.